ನವರಂಗ ಕಾಣಬೇಕೆಂದರೆ ಮೊದಲು ತರಗೆಲೆ ಹುಡುಕಿ

ನವರಂಗ ಹಕ್ಕಿಯನ್ನು (ಇಂಡಿಯನ್ ಪಿಟ್ಟ) ಹುಡುಕಿಕೊಂಡು ಹೋಗಿ ಸಿಗದೆ ವಾಪಸಾಗುವವರಲ್ಲಿ ಹೆಚ್ಚಿನವರ ತಪ್ಪು ಒಂದೇ. ತಲೆ ಎತ್ತಿಕೊಂಡು ನಡೆಯುತ್ತಾರೆ. ಒಂಬತ್ತು ಬಣ್ಣದ ಹಕ್ಕಿ ಎಂದಮೇಲೆ ಎಲ್ಲೋ ಕೊಂಬೆಯ ಮೇಲೆ ಹೊಳೆಯುತ್ತ ಕೂತಿರಬೇಕು ಎಂಬ ಲೆಕ್ಕ. ಆದರೆ ಅದು ಹಗಲಿನ ಬಹುಪಾಲು ಕಳೆಯುವುದು ನೆಲದ ಮೇಲೆ, ಪೊದೆಯ ನೆರಳಲ್ಲಿ, ಕೊಳೆಯುತ್ತ ಬಿದ್ದ ಎಲೆಗಳ ನಡುವೆ. ಹಾಗಾಗಿ ಹಕ್ಕಿಯ ಹುಡುಕಾಟ ಬದಿಗಿಟ್ಟು ಅದರ ನೆಲವನ್ನು ಹುಡುಕಬೇಕು. ನೆಲ ಸರಿಯಾಗಿ ಸಿಕ್ಕಿದರೆ ಉಳಿಯುವುದು ಅಲ್ಲಾಡದೆ ಕೂರುವ ಕೆಲಸ.

ಗುರುತು

ಉದ್ದ ಸುಮಾರು 19 ಸೆಂ.ಮೀ., ತೂಕ 50–60 ಗ್ರಾಂ ಆಸುಪಾಸು. ಗೊರವಂಕಕ್ಕಿಂತ ಚಿಕ್ಕದು. ಮೈ ದುಂಡಗೆ, ಕಾಲು ಗಟ್ಟಿ, ಬಾಲ ಮಾತ್ರ ಕತ್ತರಿಸಿ ಬಿಟ್ಟಂತೆ ಮೋಟು. ಅಂಗಳದಲ್ಲಿ ಬಿದ್ದ ನವರಂಗವನ್ನು ಕಂಡವರು ‘ಪಾಪ, ಬೆಕ್ಕು ಬಾಲ ಕಿತ್ತಿದೆ’ ಎನ್ನುವುದುಂಟು. ಅದರ ಬಾಲ ಇರುವುದೇ ಅಷ್ಟು. ಪಿಟ್ಟ ಬ್ರಾಕಿಯೂರ ಎಂಬ ಶಾಸ್ತ್ರೀಯ ಹೆಸರಿನ ಎರಡನೇ ಪದಕ್ಕೆ ಗ್ರೀಕಿನಲ್ಲಿ ಮೋಟುಬಾಲ ಎಂದೇ ಅರ್ಥ. ಮೊದಲನೆಯದು ತೆಲುಗಿನಿಂದ ಹೋದದ್ದು, ಅಲ್ಲಿ ಸಣ್ಣ ಹಕ್ಕಿಗೆಲ್ಲ ಪಿಟ್ಟ ಎನ್ನುತ್ತಾರೆ.

ಬೆನ್ನು ಹಸಿರು. ಎದೆ ಮತ್ತು ಹೊಟ್ಟೆ ಮಾಸಲು ಹಳದಿಗಂದು. ಕಣ್ಣಿನ ಮೇಲೆ ಹಾದು ಕತ್ತಿನ ಹಿಂದಕ್ಕೆ ಹೋಗುವ ದಪ್ಪ ಕರಿ ಪಟ್ಟಿ, ಅದರ ಮೇಲೆ ಬಿಳಿ ಹುಬ್ಬು, ನಡುನೆತ್ತಿಯಲ್ಲಿ ಇನ್ನೊಂದು ಕರಿ ಗೆರೆ. ಗಂಟಲು ಬಿಳಿ. ರೆಕ್ಕೆಯ ಹೆಗಲಲ್ಲಿ ಮಿಂಚುವ ನೀಲಿ ತೇಪೆ. ಕಿಬ್ಬೊಟ್ಟೆಯಿಂದ ಬಾಲದ ಅಡಿಯವರೆಗೆ ಕುಂಕುಮದ ಕೆಂಪು. ಗಂಡು ಹೆಣ್ಣು ನೋಡಲು ಒಂದೇ ಥರ.

ಇಷ್ಟು ಬಣ್ಣ ಇಟ್ಟುಕೊಂಡೂ ಅಡಗುತ್ತದೆ ಎಂದರೆ ಅದಕ್ಕೆ ಕಾರಣ ಬೆನ್ನಿನ ಹಸಿರು. ನಿಂತು ನೋಡುವವರ ಕಣ್ಣಿಗೆ ಮೇಲಿನಿಂದ ಕಾಣುವುದು ಅದೊಂದೇ. ಕೆಂಪು, ಹಳದಿ ಎಲ್ಲ ಕೆಳಗೆ ಮುಚ್ಚಿರುತ್ತವೆ. ತಲೆಯ ಕಪ್ಪು–ಬಿಳುಪು ಗೆರೆಗಳು ಎಲೆಗಳ ಮೇಲಿನ ಬಿಸಿಲ ಚುಕ್ಕಿಗಳ ಜೊತೆ ಬೆರೆತುಹೋಗುತ್ತವೆ. ಕೂತು ನೋಡಿದರೆ, ಅಂದರೆ ಕಣ್ಣು ನೆಲದಿಂದ ಎರಡು ಮೂರು ಅಡಿ ಎತ್ತರಕ್ಕೆ ಬಂದರೆ, ಅದೇ ಹಕ್ಕಿ ಥಟ್ಟನೆ ಎದ್ದು ಕಾಣುತ್ತದೆ. ಹಾರಿಹೋಗುವಾಗ ಕಪ್ಪು ರೆಕ್ಕೆಯಲ್ಲಿ ಬಿಳಿ ಮಚ್ಚೆ ಫಳಕ್ಕೆಂದರೆ ಅನುಮಾನ ಬೇಡ.

ಅದೇ ನೆಲದಲ್ಲಿ ಮೇಯುವ ಕಿತ್ತಳೆ ತಲೆಯ ತ್ರಶ್ ಅನ್ನು ನವರಂಗ ಎಂದುಕೊಳ್ಳುವವರಿದ್ದಾರೆ. ತ್ರಶ್‌ನ ತಲೆ, ಎದೆ ಕಿತ್ತಳೆ, ಬೆನ್ನು ಬೂದುನೀಲಿ, ಬಾಲ ಉದ್ದ. ಬಾಲ ನೋಡಿದರೆ ಗೊಂದಲ ಮುಗಿಯಿತು.

ಯಾವಾಗ

ಕರ್ನಾಟಕದ ಬಹುಪಾಲು ಕಡೆ ಇದು ಚಳಿಗಾಲದ ಅತಿಥಿ. ದಸರಾ–ದೀಪಾವಳಿ ಹೊತ್ತಿಗೆ ಬಂದು, ಯುಗಾದಿ ಕಳೆದು ಮಳೆಗಾಲ ಹತ್ತಿರವಾಗುವಾಗ ಹೊರಡುತ್ತದೆ. ಮರಿ ಮಾಡುವುದು ಮಧ್ಯ ಭಾರತದ ಗುಡ್ಡಗಳಲ್ಲಿ, ಹಿಮಾಲಯದ ತಪ್ಪಲಲ್ಲಿ. ಪಶ್ಚಿಮ ಘಟ್ಟದಲ್ಲಿಯೂ ಕರ್ನಾಟಕದವರೆಗೆ ಅಲ್ಲಲ್ಲಿ ಗೂಡು ಕಟ್ಟುವುದುಂಟು. ಗೂಡಿನ ಕಾಲ ಮುಂಗಾರು. ಚಳಿಗಾಲದಲ್ಲಿ ದಕ್ಷಿಣ ಭಾರತ, ಶ್ರೀಲಂಕಾ ತುಂಬ ಹರಡಿಕೊಳ್ಳುತ್ತದೆ.

ದಿನದಲ್ಲಿ ಎರಡು ಹೊತ್ತು ಮುಖ್ಯ: ಬೆಳಕು ಹರಿಯುವ ಮುಂಚಿನ ಅರ್ಧ ಗಂಟೆ, ಸೂರ್ಯ ಮುಳುಗಿದ ನಂತರದ ಅರ್ಧ ಗಂಟೆ. ತಮಿಳಿನಲ್ಲಿ ಇದಕ್ಕೆ ‘ಆರುಮಣಿ ಕುರುವಿ’, ಆರು ಗಂಟೆಯ ಹಕ್ಕಿ, ಎಂಬ ಹೆಸರೇ ಇದೆ. ಕೂಗು ಎರಡು ಸ್ವರದ ಸಿಳ್ಳೆ: ‘ವ್ಹೀಟ್–ಟ್ಯೂ’. ಮೊದಲನೆಯದು ಮೇಲಕ್ಕೆ ಎಳೆದದ್ದು, ಎರಡನೆಯದು ಕೆಳಗೆ ಇಳಿದದ್ದು. ಕೂಗುವಾಗ ತಲೆ ಹಿಂದಕ್ಕೆ ಎಸೆದು ಕೊಕ್ಕನ್ನು ಆಕಾಶಕ್ಕೆ ಮಾಡುತ್ತದೆ. ಒಂದು ಕೂಗಿದರೆ ಪಕ್ಕದ ಹಳ್ಳದಿಂದ ಇನ್ನೊಂದು ಉತ್ತರ ಕೊಡುವುದು ಸಾಮಾನ್ಯ. ಹಗಲು ಹತ್ತು ಗಂಟೆಗೆ ಎತ್ತರದ ಮರದಿಂದ ಇದೇ ಸಿಳ್ಳೆ ಕೇಳಿದರೆ ಮಾತ್ರ ಆತುರ ಬೇಡ. ಭೀಮರಾಜ ಇತರ ಹಕ್ಕಿಗಳ ದನಿಯನ್ನು ಚೆನ್ನಾಗಿ ನಕಲು ಮಾಡುತ್ತದೆ. ಎರಡು ನಿಮಿಷ ಕಾದರೆ ಅದೇ ಬಾಯಿಂದ ಮತ್ತೊಂದು ಹಕ್ಕಿಯ ಕೂಗು ಬಂದು ಗುಟ್ಟು ರಟ್ಟಾಗುತ್ತದೆ.

ನೆಲ ಪರೀಕ್ಷೆ

ಇದಕ್ಕೆ ಬೇಕಾದ ನೆಲದ ಲಕ್ಷಣ ಒಮ್ಮೆ ತಲೆಗೆ ಹತ್ತಿದರೆ ರಸ್ತೆಯಲ್ಲಿ ನಿಂತೇ ಹೇಳಬಹುದು. ಮೇಲೆ ಮರಗಳ ತಲೆ ಕೂಡಿರಬೇಕು, ನೆಲಕ್ಕೆ ಬೀಳುವ ಬಿಸಿಲು ಚುಕ್ಕಿ ಚುಕ್ಕಿಯಾಗಿರಬೇಕು. ನಡುವೆ ಸೊಂಟದೆತ್ತರದ ಪೊದೆ, ಮೆಳೆ ಇರಬೇಕು. ಆ ಪೊದೆಯ ಕೆಳಗೆ ಹುಲ್ಲು ಇರಬಾರದು: ಹಕ್ಕಿ ಕುಪ್ಪಳಿಸಲು ತೆರವು ಬೇಕು. ಹುಲ್ಲು ಒತ್ತಾಗಿ ಬೆಳೆದಲ್ಲಿ ನವರಂಗವನ್ನು ಕಾಯುವುದು ದಂಡ.

ಆಮೇಲೆ ತರಗೆಲೆ. ಒಂದು ಕಡ್ಡಿ ತೆಗೆದುಕೊಂಡು ಎಲೆಗಳನ್ನು ಪದರ ಪದರವಾಗಿ ಸರಿಸಿ ನೋಡಿ. ಮೇಲೆ ಹೊಸದಾಗಿ ಬಿದ್ದ ಗರಿಗರಿ ಎಲೆ. ಅದರಡಿ ನರ ಮಾತ್ರ ಉಳಿದು ಬಲೆಯಂತಾದ ಹೋದ ವರ್ಷದ ಎಲೆ. ಇನ್ನೂ ಕೆಳಗೆ ಕಪ್ಪಗೆ, ಒದ್ದೆಯಾಗಿ, ಬಿಳಿ ಬೂಸ್ಟಿನ ಎಳೆ ಹಬ್ಬಿದ ಪುಡಿ. ಒಟ್ಟು ದಪ್ಪ ಮೂರು ನಾಲ್ಕು ಬೆರಳು ಇದ್ದರೆ ಒಳ್ಳೆಯ ಜಾಗ. ನವರಂಗದ ಊಟವೆಲ್ಲ ಇರುವುದು ಕೆಳಗಿನ ಎರಡು ಪದರದಲ್ಲಿ: ಎರೆಹುಳು, ಗೆದ್ದಲು, ಇರುವೆ, ಚೋರಟೆ, ಸಣ್ಣ ಬಸವನಹುಳು, ಜೀರುಂಡೆಯ ಮರಿಹುಳು. ಗರಿಗರಿ ಎಲೆ ಒಂದಡಿ ರಾಶಿ ಇದ್ದು ಅಡಿಯಲ್ಲಿ ಬರೇ ಕೆಂಪು ಮಣ್ಣು ಕಂಡರೆ ಅಲ್ಲಿ ತಿನ್ನಲು ಏನೂ ಇಲ್ಲ. ಅಕೇಶಿಯ ನೆಡುತೋಪುಗಳಲ್ಲಿ ಆಗುವುದು ಇದೇ. ಚರ್ಮದಂಥ ಎಲೆ ಬೇಗ ಕೊಳೆಯದೆ ಚಾಪೆ ಹಾಸಿದಂತೆ ಬೀಳುತ್ತದೆ, ಕೆಳಗೆ ಪೊದೆಯೂ ಏಳುವುದಿಲ್ಲ.

ಇಂಥ ನೆಲ ಸಿಗುವುದು ಮಲೆನಾಡಿನ ಕಾನುಗಳಲ್ಲಿ, ಕೊಡಗಿನ ದೇವರ ಕಾಡುಗಳಲ್ಲಿ, ಕರಾವಳಿಯ ಹಾಡಿ ಎಂಬ ಸಣ್ಣ ಕಾಡುಗಳಲ್ಲಿ, ನೆರಳು ಮರ ಉಳಿಸಿಕೊಂಡ ಕಾಫಿ ತೋಟದ ಅಂಚಿನಲ್ಲಿ, ಅಡಿಕೆ ತೋಟಕ್ಕೆ ಗೊಬ್ಬರದ ಸೊಪ್ಪು ತರುವ ಮೇಲಿನ ಸೊಪ್ಪಿನ ಬೆಟ್ಟದಲ್ಲಿ, ಬಯಲುಸೀಮೆಯಾದರೆ ಹಳ್ಳದ ಬದಿಯ ಬಿದಿರು ಮೆಳೆಗಳಲ್ಲಿ. ಅಕ್ಟೋಬರ್–ನವೆಂಬರಿನ ದಾರಿಹೋಕ ಹಕ್ಕಿಗಳು ನಗರದ ಹಳೆಯ ತೋಪು, ಕ್ಯಾಂಪಸ್ಸುಗಳಲ್ಲೂ ಕೆಲವು ದಿನ ತಂಗುತ್ತವೆ. ಫೆಬ್ರವರಿ ದಾಟಿತೆಂದರೆ ಏರಿನ ತರಗೆಲೆ ಒಣಗುತ್ತದೆ. ಆಗ ಹಳ್ಳದ ಪಾತ್ರ, ಒರತೆಯ ಸುತ್ತ, ಬಚ್ಚಲ ನೀರು ಹರಿಯುವ ಬಾಳೆ ಬುಡದಂಥ ತೇವದ ಜಾಗಗಳನ್ನು ಮೊದಲು ನೋಡಿ.

ಎಲೆ ಸದ್ದಿನ ಲೆಕ್ಕ

ಕಾಡಿನಲ್ಲಿ ಎಲೆ ಸದ್ದು ಮಾಡುವವರು ಬಹಳ. ಬೇರ್ಪಡಿಸಿ ಕೇಳುವುದನ್ನು ಕಲಿತರೆ ಅರ್ಧ ಸಮಯ ಉಳಿಯುತ್ತದೆ. ಏಕಪ್ರಕಾರವಾಗಿ ‘ಸರ್ರ್’ ಎಂದು ಒಂದು ಗೆರೆಯಲ್ಲಿ ಹೋದರೆ ಹಾವುರಾಣಿ. ಪರಪರ ಕೆರೆದು, ನಿಲ್ಲಿಸಿ, ಮತ್ತೆ ಪರಪರ ಎಂದರೆ ಕಾಡುಕೋಳಿ. ಅದು ಕೆದಕುವುದು ಕಾಲಿನಿಂದ. ನಾಲ್ಕು ಕಡೆ ಒಟ್ಟಿಗೆ ಸದ್ದು, ಜೊತೆಗೆ ಗಲಾಟೆ ಇದ್ದರೆ ಹರಟೆಮಲ್ಲಗಳ ಗುಂಪು.

ನವರಂಗ ಕೊಕ್ಕಿನಿಂದ ಕೆಲಸ ಮಾಡುತ್ತದೆ. ಒಂದು ಎಲೆಯ ಅಂಚು ಹಿಡಿದು ಪಕ್ಕಕ್ಕೆ ಎಸೆಯುತ್ತದೆ: ‘ಟಪ್’. ಆಮೇಲೆ ಮೌನ. ತಲೆ ಓರೆ ಮಾಡಿ ನೋಡುತ್ತದೆ. ಎರಡು ಕುಪ್ಪಳ, ಮತ್ತೆ ಮೌನ, ಮತ್ತೆ ‘ಟಪ್’. ಮೌನವೇ ಹೆಚ್ಚು, ಸದ್ದು ಕಡಿಮೆ. ಎರೆಹುಳು ಸಿಕ್ಕಿದರೆ ಕಾಲು ಅಗಲಿಸಿ, ಮೈ ಹಿಂದಕ್ಕೆ ವಾಲಿಸಿ ಎಳೆಯುತ್ತದೆ. ಆಗ ಮೋಟು ಬಾಲ ಮೇಲೆ ಕೆಳಗೆ ಅಲುಗುತ್ತದೆ. ನೆರಳಿನಲ್ಲಿ ಮೊದಲು ಕಣ್ಣಿಗೆ ಬೀಳುವುದು ಸಾಮಾನ್ಯವಾಗಿ ಈ ಅಲುಗಾಟ.

ಕೂರುವ ಕ್ರಮ

ಹಿಂದಿನ ಸಂಜೆಯೇ ಕೆಲಸ ಶುರು. ಸೂರ್ಯ ಮುಳುಗುವ ಹೊತ್ತಿಗೆ ತೋಟದ ಅಂಚಿನಲ್ಲೋ ಕಾಲುದಾರಿಯಲ್ಲೋ ನಿಂತು ಕೂಗು ಎಲ್ಲಿಂದ ಬರುತ್ತದೆ ಎಂದು ಗುರುತು ಮಾಡಿಕೊಳ್ಳಿ. ಒಂದೇ ಕಡೆಯಿಂದ ಕೇಳಿದರೆ ದಿಕ್ಕು ಸಿಗುತ್ತದೆ, ದೂರ ಸಿಗುವುದಿಲ್ಲ. ಮೂವತ್ತು ನಲವತ್ತು ಹೆಜ್ಜೆ ಪಕ್ಕಕ್ಕೆ ಸರಿದು ಇನ್ನೊಮ್ಮೆ ಕೇಳಿದರೆ ಎರಡು ದಿಕ್ಕು ಕೂಡುವ ಜಾಗ ಅಂದಾಜಾಗುತ್ತದೆ. ಅಲ್ಲಿಗೆ ಆಗಲೇ ನುಗ್ಗಬೇಡಿ, ಹಕ್ಕಿ ಆ ಹೊತ್ತಿಗೆ ರಾತ್ರಿ ತಂಗಲು ಮರ ಏರುತ್ತಿರುತ್ತದೆ.

ಮರುದಿನ ಬೆಳಕಾಗುವ ಮುಂಚೆ ಹೋಗಿ, ಆ ಜಾಗದ ಆಸುಪಾಸಿನಲ್ಲಿ ಒಳ್ಳೆಯ ತರಗೆಲೆ ಇರುವ ತುಂಡು ನೆಲ ಆರಿಸಿಕೊಳ್ಳಿ. ಅದರಿಂದ ಎಂಟರಿಂದ ಹನ್ನೆರಡು ಮೀಟರ್ ದೂರದಲ್ಲಿ ಒಂದು ದಪ್ಪ ಮರಕ್ಕೆ ಬೆನ್ನು ಕೊಟ್ಟು ಕೂರಿ. ಪೊದೆಯ ಹಿಂದೆ ಅವಿತು ಇಣುಕುವುದಕ್ಕಿಂತ ಇದು ಮೇಲು. ಇಣುಕಲು ತಲೆ ಆಡಿಸಲೇಬೇಕು, ಹಕ್ಕಿ ಕಾಣುವುದು ಆ ಅಲುಗಾಟವನ್ನೇ. ಮರಕ್ಕೆ ಒರಗಿದವನ ಆಕಾರ ಮರದೊಳಗೆ ಕರಗುತ್ತದೆ. ಮುಖದ ಮೇಲೆ ನೇರ ಬೆಳಕು ಬೀಳದ ಹಾಗೆ ನೋಡಿಕೊಳ್ಳಿ. ಬಟ್ಟೆ ಮಾಸಲು ಬಣ್ಣದ್ದಾದರೆ ಸಾಕು, ಮಿಲಿಟರಿ ಪಟ್ಟೆ ಬೇಕಿಲ್ಲ. ಒಂದು ಎಚ್ಚರ: ಸಿಂಥೆಟಿಕ್ ಜಾಕೆಟ್ ತೋಳು ಎತ್ತಿದಾಗೆಲ್ಲ ಸರಸರ ಎನ್ನುತ್ತದೆ, ಹತ್ತಿ ಬಟ್ಟೆ ಸುಮ್ಮನಿರುತ್ತದೆ.

ಮೊದಲ ಇಪ್ಪತ್ತು ನಿಮಿಷ ಏನೂ ಆಗುವುದಿಲ್ಲ. ನೀವು ಬಂದ ಸದ್ದಿಗೆ ಹಕ್ಕಿ ಒಳಗೆ ಸರಿದಿರುತ್ತದೆ, ಅಥವಾ ತಗ್ಗಿನ ಕೊಂಬೆಗೆ ಹಾರಿ ಕಲ್ಲಿನಂತೆ ಕೂತಿರುತ್ತದೆ. ಬಹಳ ಜನ ಎದ್ದು ಹೋಗುವುದು ಸರಿಯಾಗಿ ಆಗಲೇ. ಕನಿಷ್ಠ ಐವತ್ತು ನಿಮಿಷ ಕೂರುವ ಲೆಕ್ಕ ಇಟ್ಟುಕೊಳ್ಳಿ. ಹಕ್ಕಿ ಕಂಡ ಮೇಲೆ ಬೈನಾಕ್ಯುಲರ್ ಎತ್ತುವುದು ಅದು ಎಲೆ ತಿರುವಿಹಾಕುವಾಗ ಮಾತ್ರ. ಅದು ತಲೆ ಎತ್ತಿ ನಿಂತರೆ ನಿಮ್ಮ ಕೈ ಇದ್ದಲ್ಲೇ ಇರಲಿ. ಕೆಲಸ ಮುಗಿದಾಗಲೂ ಅದು ಬೆನ್ನು ತಿರುಗಿಸಿ ದೂರ ಹೋದ ನಂತರ ಎದ್ದು ಬಂದ ದಾರಿಯಲ್ಲೇ ವಾಪಸಾಗಿ. ಹಾಗೆ ಮಾಡಿದರೆ ನಾಳೆಯೂ ಅದು ಅಲ್ಲೇ ಮೇಯುತ್ತದೆ.

ಕೂರುವ ಮುಂಚೆ ಇನ್ನೊಂದು ಮಾತು

ನವರಂಗದ ಕಾಲ, ಮಂಗನ ಕಾಯಿಲೆಯ ಕಾಲ ಎರಡೂ ಒಂದೇ. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಿಸಿದ ಈ ಕಾಯಿಲೆ ಉಣುಗಿನಿಂದ ಹರಡುತ್ತದೆ. ಚಳಿಗಾಲದಿಂದ ಬೇಸಿಗೆಯವರೆಗೆ ಮರಿ ಉಣುಗುಗಳು ಇರುವುದು ತರಗೆಲೆಯಲ್ಲೇ. ಶಿವಮೊಗ್ಗ, ಉತ್ತರ ಕನ್ನಡ, ಚಿಕ್ಕಮಗಳೂರಿನಂಥ ಜಿಲ್ಲೆಗಳಲ್ಲಿ ಮಂಗ ಸತ್ತ ಸುದ್ದಿ ಇರುವ ಕಾಡಿಗೆ ಆ ವರ್ಷ ಹೋಗಲೇಬೇಡಿ. ಬೇರೆಡೆಯೂ ಬರಿ ನೆಲದ ಮೇಲೆ ಕೂರಬಾರದು. ಮಡಚುವ ಸ್ಟೂಲ್ ತನ್ನಿ. ಪ್ಯಾಂಟನ್ನು ಕಾಲುಚೀಲದೊಳಗೆ ತೂರಿಸಿ, ಉಣುಗು ಹತ್ತದಂತೆ ಆರೋಗ್ಯ ಇಲಾಖೆ ಹಂಚುವ ಡೆಪಾ ಎಣ್ಣೆಯನ್ನು ಕೈಕಾಲಿಗೆ ಹಚ್ಚಿಕೊಳ್ಳಿ. ಮನೆಗೆ ಬಂದ ಕೂಡಲೇ ಬಟ್ಟೆ ಬಿಸಿನೀರಿಗೆ ಹಾಕಿ, ಸೋಪು ಹಚ್ಚಿ ಸ್ನಾನ ಮಾಡಿ. ಒಂದು ವಾರ ಹತ್ತು ದಿನದೊಳಗೆ ಜ್ವರ, ಮೈಕೈ ನೋವು ಬಂದರೆ ಕಾಡಿಗೆ ಹೋಗಿದ್ದನ್ನು ಡಾಕ್ಟರಿಗೆ ಹೇಳಿ.

ಕೂರುವ ಜಾಗದ ಎಲೆಯನ್ನು ಮೊದಲು ಉದ್ದ ಕೋಲಿನಿಂದ ಸರಿಸಿ ನೋಡಿ, ಗುಳಿಮಂಡಲ ಹಾವು ತರಗೆಲೆಯ ಬಣ್ಣವೇ ಇರುತ್ತದೆ. ನವೆಂಬರಿನಲ್ಲಿ ನೆಲ ಇನ್ನೂ ಹಸಿ ಇರುವಾಗ ಇಂಬಳದ ಕಾಟ. ಆನೆ ಓಡಾಡುವ ಕಡೆ ನಸುಕು, ಮುಸ್ಸಂಜೆ ಎರಡೂ ಹೊತ್ತು ಕಾಡಂಚಿಗೆ ಹೋಗಬೇಡಿ. ಅಲ್ಲಿ ಬಿಸಿಲೇರಿದ ಮೇಲೆ ತೋಟದೊಳಗಿಂದ ನೋಡುವುದೇ ಸರಿ. ಮೀಸಲು ಅರಣ್ಯ, ಅಭಯಾರಣ್ಯಕ್ಕೆ ಅನುಮತಿ ಇಲ್ಲದೆ ಕಾಲಿಡುವ ಹಾಗಿಲ್ಲ.

ಬೈನಾಕ್ಯುಲರ್, ಕ್ಯಾಮೆರಾ, ರೆಕಾರ್ಡಿಂಗ್

ಬೈನಾಕ್ಯುಲರ್ ಕೊಳ್ಳುವವರು 10×42 ಕೇಳುತ್ತಾರೆ. ಈ ಹಕ್ಕಿಗೆ 8×42 ವಾಸಿ. ಮೊದಲ ಅಂಕಿ ಎಷ್ಟು ಪಟ್ಟು ದೊಡ್ಡದಾಗಿ ಕಾಣುತ್ತದೆ ಎಂಬುದು, ಎರಡನೆಯದು ಮುಂದಿನ ಗಾಜಿನ ಅಗಲ, ಮಿ.ಮೀ.ನಲ್ಲಿ. 42ನ್ನು 8ರಿಂದ ಭಾಗಿಸಿದರೆ 5.25, ಕಣ್ಣಿಗೆ ಬರುವ ಬೆಳಕಿನ ಕಂಬ ಅಷ್ಟು ಮಿ.ಮೀ. ಅಗಲ. 10ರಿಂದ ಭಾಗಿಸಿದರೆ 4.2 ಮಾತ್ರ. ಮುಂಜಾನೆಯ ಪೊದೆಯ ಕತ್ತಲಲ್ಲಿ ಆ ಒಂದು ಮಿ.ಮೀ. ಬಹಳ ದೊಡ್ಡದು. ಹತ್ತಿರಕ್ಕೆ ಎಷ್ಟು ಫೋಕಸ್ ಆಗುತ್ತದೆ ಎಂದು ಅಂಗಡಿಯಲ್ಲೇ ನೋಡಿ: ಎರಡು ಮೂರು ಮೀಟರಿಗೆ ಬರಬೇಕು. ಹಕ್ಕಿ ಕಾಲಬುಡಕ್ಕೆ ಬಂದಾಗ ಮಸುಕು ಕಂಡರೆ ಅದಕ್ಕಿಂತ ಸಂಕಟ ಇನ್ನಿಲ್ಲ.

ಕ್ಯಾಮೆರಾದಲ್ಲಿ ಶಟರ್ ಸದ್ದು ನಿಲ್ಲಿಸಿ, ಲೆನ್ಸನ್ನು ಬೀನ್‌ಬ್ಯಾಗ್ ಅಥವಾ ಮೊಣಕಾಲಿನ ಮೇಲೆ ಊರಿ. 400 ಮಿ.ಮೀ. ಲೆನ್ಸ್, ಐಎಸ್‌ಒ 3200, ಶಟರ್ 1/125 ಆಸುಪಾಸಿನಿಂದ ಶುರು ಮಾಡಿ. ಎಲೆ ಎಸೆದ ನಂತರದ ಮೌನದಲ್ಲಿ ಹಕ್ಕಿ ಒಂದೆರಡು ಸೆಕೆಂಡ್ ನಿಶ್ಚಲವಾಗಿರುತ್ತದಲ್ಲ, ಒತ್ತಬೇಕಾದದ್ದು ಆಗ. ಫ್ಲ್ಯಾಶ್ ಬೇಡ.

ಮೊಬೈಲಿನಲ್ಲಿ ಕೂಗು ಹಾಕಿ ಹಕ್ಕಿಯನ್ನು ಹೊರಗೆಳೆಯುವ ಅಭ್ಯಾಸ ಬಹಳ ಹಬ್ಬಿದೆ. ಹಕ್ಕಿ ಬರುತ್ತದೆ, ನಿಜ. ತನ್ನ ನೆಲಕ್ಕೆ ಬೇರೊಂದು ನುಗ್ಗಿದೆ ಎಂದು ಓಡಿಸಲು ಬರುತ್ತದೆ. ಅಷ್ಟು ಹೊತ್ತು ಮೇವು ನಿಂತಿತು, ಬಯಲಿಗೆ ಬಂದದ್ದರಿಂದ ಬೇಟೆ ಹಕ್ಕಿಯ ಕಣ್ಣಿಗೂ ಬಿದ್ದಿತು. ಬೆಳಿಗ್ಗೆ ಒಂದು ತಂಡ, ಸಂಜೆ ಇನ್ನೊಂದು ತಂಡ ಹೀಗೆ ಮಾಡಿದರೆ ಕೆಲವೇ ದಿನದಲ್ಲಿ ಆ ಹಕ್ಕಿ ಕೂಗಿಗೆ ಓಗೊಡುವುದನ್ನೇ ಬಿಡುತ್ತದೆ, ಇಲ್ಲವೇ ಜಾಗ ಬಿಡುತ್ತದೆ.

ಮಳೆಗಾಲದಲ್ಲಿ ಗೂಡು ಕಂಡರೆ ಇನ್ನೂ ಬಿಗಿ ನಿಯಮ. ಒಣ ಎಲೆ, ಹುಲ್ಲಿನಿಂದ ಕಟ್ಟಿದ ಗೋಳಾಕಾರದ ದೊಡ್ಡ ಮುದ್ದೆ, ಪಕ್ಕದಲ್ಲಿ ದುಂಡು ಬಾಗಿಲು. ನೆಲದ ಮೇಲೋ ತಗ್ಗಿನ ಕೊಂಬೆಯಲ್ಲೋ ಇರುತ್ತದೆ. ಮೊಟ್ಟೆ ನಾಲ್ಕೈದು, ಹೊಳೆಯುವ ಬಿಳುಪಿನ ಮೇಲೆ ನೇರಳೆಗೆಂಪು ಚುಕ್ಕೆ. ಕಸದ ಗುಡ್ಡೆ ಎಂದು ಕಾಲಿಡುವ ಸಾಧ್ಯತೆಯೇ ಹೆಚ್ಚು. ಕಂಡ ಕ್ಷಣ ಹಿಂದೆ ಸರಿಯಿರಿ. ಹತ್ತಿರದ ಗಿಡ ಮುರಿದು ದಾರಿ ಮಾಡಿದರೆ ಅದೇ ದಾರಿಯಲ್ಲಿ ಮುಂಗುಸಿ, ಕಾಗೆ ಬರುತ್ತವೆ. ಫೋಟೊ, ಜಾಗದ ಹೆಸರು ಎಲ್ಲಿಯೂ ಹಾಕಬೇಡಿ.

ದರಗು, ಬೆಂಕಿ, ಔಷಧ

ಸ್ವಂತ ತೋಟ, ಬೆಟ್ಟ ಇದ್ದವರಿಗೆ ಹಕ್ಕಿಯನ್ನು ಹುಡುಕುವುದಕ್ಕಿಂತ ಉಳಿಸಿಕೊಳ್ಳುವುದು ಸುಲಭ. ಮಲೆನಾಡಿನಲ್ಲಿ ಕೊಟ್ಟಿಗೆಗೆ, ಗೊಬ್ಬರಕ್ಕೆ ದರಗು, ಅಂದರೆ ತರಗೆಲೆ, ಗುಡಿಸುವುದು ಜನವರಿಯಿಂದ ಮಾರ್ಚ್‌ವರೆಗೆ. ನವರಂಗ ಅದೇ ನೆಲವನ್ನು ನಂಬಿ ಕೂತಿರುವುದೂ ಆಗಲೇ. ದರಗು ಬೇಡ ಎನ್ನುವ ಮಾತಿಲ್ಲ, ಗುಡಿಸುವ ರೀತಿ ಬದಲಿಸಿದರೆ ಸಾಕು. ಬೆಟ್ಟವನ್ನು ಮೂರು ಪಾಲು ಮಾಡಿ ವರ್ಷಕ್ಕೆ ಒಂದು ಪಾಲು ಮಾತ್ರ ಗುಡಿಸಿ. ಮೇಲಿನ ಗರಿಗರಿ ಪದರವನ್ನಷ್ಟೇ ಎಳೆದುಕೊಳ್ಳಿ. ಹಲ್ಲುಗಳ ನಡುವೆ ಅಗಲ ಸಂದಿರುವ ರೇಕ್ ಬಳಸಿದರೆ ಕೆಳಗಿನ ಕಪ್ಪು ಪುಡಿ ತಾನಾಗಿ ಉಳಿಯುತ್ತದೆ, ಕಡ್ಡಿಪೊರಕೆ ಮಣ್ಣಿನವರೆಗೂ ಕೆರೆಯುತ್ತದೆ. ಹಳ್ಳದ ಎರಡೂ ಬದಿ ಐದೈದು ಮೀಟರ್ ಮುಟ್ಟಬೇಡಿ. ಕೊಟ್ಟಿಗೆಗೆ ಬರುವ ದರಗಿನ ಲೆಕ್ಕದಲ್ಲಿ ಕಪ್ಪು ಪುಡಿಯಿಂದ ಹೆಚ್ಚೇನೂ ಸೇರುವುದಿಲ್ಲ, ಮೊದಲ ಮಳೆಗೆ ಬೆಟ್ಟದ ಮಣ್ಣು ಹಿಡಿದಿಡುವುದು ಮಾತ್ರ ಅದೇ.

ರಸ್ತೆ ಬದಿಯ ತರಗೆಲೆಗೆ ಬೆಂಕಿ ಹಾಕಿದರೆ ಮೂರು ಪದರವೂ ಒಂದೇ ಮಧ್ಯಾಹ್ನದಲ್ಲಿ ಹೋಗುತ್ತವೆ. ಮುಂದಿನ ವರ್ಷದ ಎಲೆ ಬಿದ್ದರೂ ಕೆಳಪದರ ಮತ್ತೆ ಕಟ್ಟಲು ಹಲವು ಮಳೆಗಾಲ ಬೇಕು. ಕಳೆನಾಶಕ ಹೊಡೆದ ಕಡೆ ಪೊದೆ ಸಾಯುತ್ತದೆ, ನೆಲ ಬೋಳಾಗಿ ಹುಲ್ಲು ಬರುತ್ತದೆ. ಕಳೆ ಕತ್ತರಿಸುವ ಯಂತ್ರ ಬಳಸುವವರು ಬೇಲಿಯಂಚಿನ ನಾಲ್ಕೈದು ಮೀಟರ್ ಪಟ್ಟಿಯನ್ನು ಹಾಗೇ ಬಿಟ್ಟರೆ ಹಕ್ಕಿಗೆ ಅಡಗಲು ಅಷ್ಟು ಸಾಕು.

ಔಷಧದಲ್ಲಿ ನೇರವಾಗಿ ಕೊಲ್ಲುವಂಥವು ಎರಡು. ಒಂದು, ಬೇರುಹುಳಕ್ಕೆ ಹಾಕುವ ಹರಳು ಕೀಟನಾಶಕ. ನೆಲದಲ್ಲಿ ಮೇಯುವ ಹಕ್ಕಿಗೆ ಕೆಲವು ಹರಳೇ ಸಾಕು. ಅಡಿಕೆ ತೋಟದಲ್ಲಿ ಬಹುಕಾಲ ಬಳಸಿದ ಫೋರೇಟ್ 2020ರ ಅಂತ್ಯದಿಂದ ದೇಶದಲ್ಲಿ ನಿಷೇಧವಾಗಿದೆ, ಹಳೆಯ ಡಬ್ಬ ಮೂಲೆಯಲ್ಲಿದ್ದರೆ ಬಳಸಬೇಡಿ. ಇನ್ನೊಂದು, ಬಸವನಹುಳಕ್ಕೆ ಇಡುವ ಮೆಟಾಲ್ಡಿಹೈಡ್ ಗುಳಿಗೆ. ಹಕ್ಕಿ ಗುಳಿಗೆಯನ್ನೂ ಹೆಕ್ಕಬಹುದು, ಅದನ್ನು ತಿಂದ ಹುಳವನ್ನೂ ತಿನ್ನಬಹುದು. ಆಫ್ರಿಕನ್ ಬಸವನಹುಳದ ಕಾಟಕ್ಕೆ ಸಂಜೆ ಒದ್ದೆ ಗೋಣಿಚೀಲ ಹಾಸಿ, ಮೇಲೆ ಪಪ್ಪಾಯಿ ಎಲೆ ಹರಡಿ, ಬೆಳಿಗ್ಗೆ ಅಡಿಯಲ್ಲಿ ಸೇರಿದವನ್ನು ಕೈಗವಸು ಹಾಕಿ ಆರಿಸುವುದು ಶ್ರಮದ ಕೆಲಸ, ಆದರೆ ಕೆಲಸ ಆಗುತ್ತದೆ.

ಬೇಸಿಗೆಗೆ ನೀರು ಇಡುವವರು ಎತ್ತರದ ಬಟ್ಟಲು ಬಿಟ್ಟು ನೆಲಕ್ಕೆ ಅಗಲ ಮಣ್ಣಿನ ತಟ್ಟೆ ಇಡಿ. ನೀರು ಎರಡು ಮೂರು ಸೆಂ.ಮೀ.ಗಿಂತ ಆಳ ಬೇಡ, ನಡುವೆ ಒರಟು ಕಲ್ಲು ಇರಲಿ, ಪೊದೆಯಿಂದ ಎರಡು ಮೀಟರ್ ದೂರ ಇರಲಿ. ಪೊದೆಗೆ ಅಂಟಿಸಿ ಇಟ್ಟರೆ ಬೆಕ್ಕಿಗೆ ಅನುಕೂಲ.

ಮನೆಯೊಳಗೆ ಬಂದು ಬಿದ್ದರೆ

ಅಕ್ಟೋಬರ್–ನವೆಂಬರಿನಲ್ಲಿ, ಮತ್ತೆ ಏಪ್ರಿಲ್–ಮೇಯಲ್ಲಿ ಪೇಟೆ ಮನೆಗಳ ವರಾಂಡದಲ್ಲಿ, ಆಫೀಸಿನ ಮೆಟ್ಟಿಲಲ್ಲಿ ನವರಂಗ ಸಿಗುವುದುಂಟು. ರಾತ್ರಿ ವಲಸೆ ಹೋಗುವ ಹಕ್ಕಿ ದೀಪಕ್ಕೆ ದಾರಿ ತಪ್ಪಿ, ಗಾಜಿಗೆ ಬಡಿದು, ಅಥವಾ ಬರೀ ಸುಸ್ತಾಗಿ ಇಳಿದಿರುತ್ತದೆ. ಸುಸ್ತಾದ ಹಕ್ಕಿ ಕಣ್ಣು ಬಿಟ್ಟುಕೊಂಡು ನೆಟ್ಟಗೆ ನಿಂತಿದ್ದರೆ ಮುಟ್ಟಬೇಡಿ. ಬೆಕ್ಕು, ನಾಯಿ, ಕಾಗೆಯನ್ನು ದೂರ ಇಟ್ಟು ದೀಪ ಆರಿಸಿದರೆ ಸಾಕು. ಕೆಡೆದು ಬಿದ್ದಿದ್ದರೆ ಹೀಗೆ ಮಾಡಿ:

1. ಷೂ ಡಬ್ಬದಷ್ಟು ದೊಡ್ಡ ರಟ್ಟಿನ ಪೆಟ್ಟಿಗೆ ತನ್ನಿ. ಪೆನ್ಸಿಲ್ ದಪ್ಪದ ಹತ್ತು ಹನ್ನೆರಡು ತೂತು ಹಕ್ಕಿ ಒಳಗಿಲ್ಲದಾಗಲೇ ಮಾಡಿ. ಒಳಗೆ ಹಳೆಯ ಹತ್ತಿ ಬಟ್ಟೆ ಹಾಸಿ. ಟರ್ಕಿ ಟವೆಲ್ ಬೇಡ, ನೂಲಿನ ಕುಣಿಕೆಗೆ ಉಗುರು ಸಿಕ್ಕಿಕೊಳ್ಳುತ್ತದೆ.

2. ತೆಳು ಬಟ್ಟೆ ಮೇಲೆ ಹಾಕಿ, ರೆಕ್ಕೆ ಮೈಗೆ ಸೇರಿರುವಂತೆ ಎರಡೂ ಕೈಯಿಂದ ಎತ್ತಿ. ಎದೆ ಹಿಸುಕಬಾರದು. ಎದೆಗೂಡು ಆಡದಿದ್ದರೆ ಹಕ್ಕಿಗೆ ಉಸಿರೇ ಇಲ್ಲ.

3. ಮುಚ್ಚಳ ಹಾಕಿ ಕತ್ತಲೆಯ, ಸದ್ದಿಲ್ಲದ ಕೋಣೆಯಲ್ಲಿ ಇಡಿ. ಫ್ಯಾನ್ ಗಾಳಿ ಬೇಡ, ಬಿಸಿಲೂ ಬೇಡ. ಹತ್ತು ನಿಮಿಷಕ್ಕೊಮ್ಮೆ ತೆರೆದು ನೋಡುವುದು, ಮಕ್ಕಳಿಗೆ ತೋರಿಸುವುದು, ಸೆಲ್ಫಿ, ಇವೇ ಬಹಳ ಹಕ್ಕಿಗಳನ್ನು ಕೊಲ್ಲುವುದು.

4. ಬಾಯಿಗೆ ನೀರು ಬಿಡಬೇಡಿ. ಹಕ್ಕಿಯ ಶ್ವಾಸನಾಳದ ಬಾಯಿ ನಾಲಗೆಯ ಬುಡದಲ್ಲೇ ತೆರೆದಿರುತ್ತದೆ, ಬಿಟ್ಟ ನೀರು ನೇರ ಉಸಿರಿನ ದಾರಿಗೆ ಹೋಗುತ್ತದೆ. ಹಾಲು, ಅನ್ನ, ಬ್ರೆಡ್ ಯಾವುದೂ ಅದರ ಆಹಾರವಲ್ಲ.

5. ಒಂದರಿಂದ ಎರಡು ಗಂಟೆ ಬಿಟ್ಟು ಪೆಟ್ಟಿಗೆಯನ್ನು ಮರಗಿಡ ಇರುವ ಕಡೆಗೆ ಒಯ್ದು, ಪೊದೆಯ ಪಕ್ಕ ನೆಲದ ಮೇಲಿಟ್ಟು ಮುಚ್ಚಳ ತೆಗೆದು ಹಿಂದೆ ಸರಿಯಿರಿ. ಮೇಲಕ್ಕೆ ಎಸೆಯಬೇಡಿ. ಬಯಲಿನಲ್ಲಿ ಬಿಟ್ಟರೆ ಕಾಗೆಗಳು ಹತ್ತು ಹೆಜ್ಜೆ ಹೋಗಲು ಬಿಡುವುದಿಲ್ಲ. ರಾತ್ರಿ ಸಿಕ್ಕಿದ್ದರೆ ಬೆಳಗಿನವರೆಗೆ ಪೆಟ್ಟಿಗೆಯಲ್ಲೇ ಇರಲಿ.

ಒಂದು ರೆಕ್ಕೆ ಜೋತಿದ್ದರೆ, ಬಾಯಲ್ಲಿ ರಕ್ತ ಇದ್ದರೆ, ತಲೆ ಒಂದೇ ಕಡೆ ವಾಲಿದ್ದರೆ, ಎರಡು ಗಂಟೆಯ ನಂತರವೂ ನಿಲ್ಲಲಾಗದಿದ್ದರೆ ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ಅಥವಾ ಊರಿನ ವನ್ಯಜೀವಿ ಚಿಕಿತ್ಸಾ ಕೇಂದ್ರಕ್ಕೆ ಕರೆ ಮಾಡಿ. ಬೆಕ್ಕು ಕಚ್ಚಿ ತಂದ ಹಕ್ಕಿಗೆ ಹೊರಗೆ ಗಾಯ ಕಾಣದಿದ್ದರೂ ಅದೇ ದಿನ ಚಿಕಿತ್ಸೆ ಬೇಕು. ಬೆಕ್ಕಿನ ಜೊಲ್ಲಿನ ಬ್ಯಾಕ್ಟೀರಿಯಾ ಸಣ್ಣ ಹಕ್ಕಿಯನ್ನು ಒಂದೆರಡು ದಿನದಲ್ಲಿ ಮುಗಿಸುತ್ತದೆ. ಚೇತರಿಸಿಕೊಳ್ಳಲಿ ಎಂದು ಪಂಜರದಲ್ಲಿ ಇಟ್ಟುಕೊಳ್ಳುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧ.

ಒಂದೇ ಕಿಟಕಿಗೆ ಮತ್ತೆ ಮತ್ತೆ ಹಕ್ಕಿ ಬಡಿಯುತ್ತಿದ್ದರೆ ಗಾಜಿನ ಹೊರಮೈಗೆ ಬಿಳಿ ಚುಕ್ಕೆ ಸ್ಟಿಕರ್ ಅಂಟಿಸಿ, ಚುಕ್ಕೆಯಿಂದ ಚುಕ್ಕೆಗೆ ಐದು ಸೆಂ.ಮೀ. ಮೀರದಂತೆ. ಗಿಡುಗನ ಚಿತ್ರ ಒಂದನ್ನು ನಡುವೆ ಅಂಟಿಸಿದರೆ ಪ್ರಯೋಜನವಿಲ್ಲ, ಹಕ್ಕಿ ಅದರ ಪಕ್ಕದ ಖಾಲಿ ಗಾಜಿಗೆ ಬಡಿಯುತ್ತದೆ. ಒಳಗಿನಿಂದ ಅಂಟಿಸಿದರೂ ಅಷ್ಟೆ: ಹೊರಗಿನ ಮರದ ಪ್ರತಿಬಿಂಬ ಸ್ಟಿಕರನ್ನು ಮುಚ್ಚಿಬಿಡುತ್ತದೆ.